ಮಿನತಿಗೆ ತುಂಬಿದ ಉಡಿ

ಪಂಚಮಿ ಮುಗಿಸಿ ತವರಿನಿಂದ ಹೊರಡುವ ಮುಂಜಾನೆ ಅವ್ವ ನನ್ನ ಉಡಿ ತುಂಬುತ್ತಾಳೆ. ಈ ವರ್ಷವೂ ತುಂಬಿದಳು. ಮೊಣಕಾಲು ನೋವೆಂದು ಗೋಡೆ ಹಿಡಿದು ನಡೆಯುವವಳು ಆ ಹೊತ್ತಿಗೆ ಮಾತ್ರ ಅದೆಲ್ಲಿಂದಲೋ ಗಟ್ಟಿಯಾಗಿಬಿಡುತ್ತಾಳೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಸಿ, ಬೊಗಸೆ ಬೊಗಸೆ ಅಕ್ಕಿ ಹಾಕಿ, ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ ಇಟ್ಟು, "ಹೋಗಿ ಬಾರವ್ವಾ" ಎಂದು ನೆಟಿಗೆ ಮುರಿಯುತ್ತಾಳೆ. ಅದನ್ನು ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ತವರೂರು ಸವಡಿಯಲ್ಲಿ ಬಸ್ಸು ಹತ್ತಿದರೆ, ರೋಣ ಬರುವತನಕ ಅಕ್ಕಿ, ಒಣಕೊಬ್ಬರಿ, ಅರಿಷಿಣ ಕೂಡಿದ ಆ ವಾಸನೆ ಮೂಗಿನ ಮುಂದೆಯೇ ಇರುತ್ತದೆ. ಆ ವಾಸನೆಗೆ ಹೆಣ್ಣುಮಕ್ಕಳಿಗೆಲ್ಲ ತವರು ನೆನಪಾಗಬೇಕು. ನನಗೆ ಮಿನತಿ ನೆನಪಾಗುತ್ತಾಳೆ. ಮುಖ ಎತ್ತಿ ಪಕ್ಕದವರನ್ನು ನೋಡಲೂ ನಾಚಿಕೆಯಾಗುತ್ತದೆ. ಈ ಸಲ ರೋಣದಲ್ಲಿ ಇಳಿದಾಗ ನರಗುಂದದ ಬಸ್ಸು ನನಗಾಗಿಯೇ ಕಾದಂತೆ ನಿಂತಿತ್ತು. ನಾನು ಹತ್ತಲಿಲ್ಲ.

ನನ್ನ ಮಗಳು ಹೊಟ್ಟೆಯಲ್ಲಿದ್ದ ವರ್ಷದ ಮಾತು. ಚೊಚ್ಚಲ ಬಸುರಿ ಎಂದು ನಾನು ಕಾರಹುಣ್ಣಿಮೆ ಮುಗಿಯುತ್ತಲೇ ನರಗುಂದದಿಂದ ಬಂದು ತವರಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎಂದರೆ ಖರೇನೇ ಕುಳಿತಿದ್ದೆ. ಒಂದು ತಂಬಿಗೆ ಎತ್ತಿಡಲೂ ಅವ್ವ ಬಿಡುತ್ತಿರಲಿಲ್ಲ. ಮಳೆ ಅಂಥಾ ದೊಡ್ಡದೇನಲ್ಲ, ಆದರೆ ಬಿಡುವಿರಲಿಲ್ಲ. ಜಿಟಿಜಿಟಿ ಎಂದು ಹಿಡಿದರೆ ಎರಡು ಮೂರು ದಿನ ಹಾಗೇ. ಎರೆಮಣ್ಣಿನ ಊರು ನಮ್ಮದು. ಹೊಲದಿಂದ ಬಂದವರ ಕಾಲಿಗೆ ಮತ್ತೊಂದು ಜೋಡು ಕೆರ ಮೆಟ್ಟಿದಷ್ಟು ಮಣ್ಣು. ಹೊರಗೆ ಹೆಸರು ಬೆಳೆ ಮೊಣಕಾಲುದ್ದ ನಿಂತಿತ್ತು, ಒಳಗೆ ನಾನು ಗುಂಡಗಾಗುತ್ತಿದ್ದೆ.

ಹಿಂದಿನ ಓಣಿಯ ಈರಣ್ಣನ ಮನೆಗೆ ಮಿನತಿ ಬಂದು ಆಗ ಅರ್ಧ ವರ್ಷವಾಗಿರಬೇಕು. ಅವರಿಗೆ ಹೊಲವಿತ್ತು, ಟ್ರ್ಯಾಕ್ಟರ್ ಇತ್ತು, ಜೋಡೆತ್ತು ಇದ್ದವು, ಹೆಣ್ಣು ಕೊಡುವವರು ಮಾತ್ರ ಇರಲಿಲ್ಲ. ನಮ್ಮ ಕಡೆಯ ಹುಡುಗಿಯರಿಗೆಲ್ಲ ಈಗ ಸಂಬಳದ ಗಂಡು ಬೇಕು. ನಾನೇನು ಕಡಿಮೆಯಲ್ಲ, ನರಗುಂದದ ಗುಮಾಸ್ತರು ಇಸ್ತ್ರಿ ಅಂಗಿ ತೊಟ್ಟು ನೋಡಲು ಬಂದದ್ದೇ ತಡ, ಕೊರಳು ಮುಂದೆ ಮಾಡಿದವಳು. ಕಡೆಗೆ ಯಾರೋ ನಡುವಿನವನನ್ನು ಹಿಡಿದು, ಈರಣ್ಣನಿಗೆ ಒಡಿಶಾದಿಂದ ಹೆಣ್ಣು ತಂದರು. ಮದುವೆಯಾದ ಮರುದಿನವೇ ಅತ್ತೆ ಪಾರವ್ವ ಅವಳಿಗೆ ಮೀನಾಕ್ಷಿ ಎಂದು ಹೆಸರಿಟ್ಟಳು. ಓಣಿಯವರಿಗೆ ಅದೂ ಬೇಡವಾಯಿತು, 'ಒಡಿಶಾದಾಕಿ' ಎಂದರೆ ಸಾಕಿತ್ತು. ನಮ್ಮ ಮನೆಗೆ ಮಜ್ಜಿಗೆಗೆ ಬಂದಾಗ ಒಮ್ಮೆ ಅವಳೇ ಎದೆಯ ಮೇಲೆ ಕೈಯಿಟ್ಟು "ಮಿನತಿ" ಎಂದಿದ್ದಳು. ನಾನು ಹಾಗೇ ಕರೆದೆ. ಅಷ್ಟಕ್ಕೇ ಮುಖ ಅರಳಿಸಿ ನಕ್ಕಳು.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಈರಣ್ಣನಿಗೆ ಮೊದಲು ಕೇಳಿದ್ದು ನನ್ನನ್ನು. ಪಾರವ್ವ ಕುಂಕುಮ ಹಿಡಿದು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತಿದ್ದಳು. ಎರಡೂ ಮನೆಯ ಹೊಲಕ್ಕೆ ನಡುವೆ ಒಂದೇ ಒಡ್ಡು. ಕೊಟ್ಟರೆ ಎಷ್ಟು ಚಲೋ ಎಂದು ಊರೇ ಅಂದಿತ್ತು. ಅಪ್ಪ ಜಾತಕದ ನೆಪ ಹೇಳಿ ಕಳಿಸಿದ. ಆಮೇಲೆ ಒಳಗೆ ಬಂದು ಅವ್ವನಿಗೆ ಖರೇ ಕಾರಣ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

"ಆ ಹುಡುಗ ಎತ್ತಿಗೆ ಹೊಡಿಯೂದು ನೋಡೀನಿ. ಎತ್ತು ಮಕ್ಕೊಂಡ ಮ್ಯಾಲೂ ಬಿಡೂದಿಲ್ಲ ಆತ. ಅಲ್ಲಿಗೆ ನನ್ನ ಮಗಳನ್ನ ಕೊಡಾಂಗಿಲ್ಲ."

ಇಂಥ ಅಪ್ಪ ಎಷ್ಟು ಮಂದಿಗೆ ಸಿಗುತ್ತಾನೆ ಎಂದು ಆಗ ಹೆಮ್ಮೆಪಟ್ಟಿದ್ದೆ. ಆ ಹೆಮ್ಮೆಯನ್ನು ಈಗ ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ.

ಶ್ರಾವಣ ಬಂತು. ಊರ ಹೆಣ್ಣುಮಕ್ಕಳೆಲ್ಲ ಪಂಚಮಿಗೆ ತವರಿಗೆ ಬರತೊಡಗಿದರು, ಊರ ಸೊಸೆಯರೆಲ್ಲ ತಮ್ಮ ತಮ್ಮ ತವರಿಗೆ ಹೊರಟರು. ಮಿನತಿಯನ್ನು ಕರೆಯಲು ಯಾರು ಬರಬೇಕು? ಎರಡು ದಿನ ರೈಲಿನ ದಾರಿ. ಅವಳ ಕೈಗೆ ಫೋನೂ ಕೊಡುತ್ತಿರಲಿಲ್ಲ. ದಿನಾ ಬಸ್ಸು ಬರುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು, ಅಣ್ಣಂದಿರ ಜೊತೆ ಹೋಗುವ ಸೊಸೆಯರನ್ನು ನೋಡುತ್ತಿದ್ದಳು. ಅದನ್ನು ಕಂಡು ನನ್ನ ಅವ್ವನ ಕರುಳು ಚುರ್ ಎಂದಿತು. ಯಾರನ್ನೂ ಕೇಳದೆ ನಮ್ಮಣ್ಣ ಮಲ್ಲಣ್ಣನಿಗೆ ಹೇಳಿದಳು: "ಹೋಗು, ಆಕೀನ್ನ ಕರಕೊಂಡು ಬಾ. ಅಣ್ಣ ಬಂದಾನ ಅಂತ ಹೇಳು. ಇನ್ನ ಮ್ಯಾಲೆ ಆಕಿಗೆ ನಮ್ಮನೀನ ತವರಮನಿ."

ಮಲ್ಲಣ್ಣ ಹೊಸ ಅಂಗಿ ತೊಟ್ಟು ಹಿಂದಿನ ಓಣಿಗೆ ಹೋಗಿ, ಬೀಗರ ಮನೆಗೆ ಹೋದಂತೆ ಕುಳಿತು, ಚಹಾ ಕುಡಿದು, ತಂಗಿಯನ್ನು ಕರೆತಂದ. ಓಣಿಯವರು ನಕ್ಕರು, ಮೆಚ್ಚಿಕೊಂಡರು. ಪಾರವ್ವನಿಗೂ ಇಲ್ಲವೆನ್ನಲು ಆಗಲಿಲ್ಲ. ಮಿನತಿ ಒಂದು ಕೆಂಪು ಚೀಲ ಹಿಡಿದು ಬಂದಳು. ನಮ್ಮ ಬಾಗಿಲಲ್ಲಿ ಅವ್ವ ಅವಳ ಕಾಲಿಗೆ ನೀರು ಹಾಕಿದಾಗ, ಇದೇನು ಎಂದು ತಿಳಿಯದೆ ನನ್ನ ಮುಖ ನೋಡಿದಳು. "ನಿನ್ನ ಮನಿಗೆ ಬಂದೀ, ಒಳಗ ಬಾ" ಎಂದೆ.

ರೊಟ್ಟಿ ಪಂಚಮಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯಲು ಅವಳೂ ಕುಳಿತಳು. ಅವಳ ರೊಟ್ಟಿ ಒಂದೂ ದುಂಡಗಾಗಲಿಲ್ಲ. "ಇದ್ಯಾವ ಊರಿನ ನಕಾಶೆನ?" ಎಂದು ಮಲ್ಲಣ್ಣ ಎತ್ತಿ ಹಿಡಿದು ತೋರಿಸಿದ. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಓಣಿಯ ಮನೆಮನೆಗೆ ರೊಟ್ಟಿ, ಪಲ್ಯ, ಉಂಡಿ ಹಂಚುವಾಗ ಅವಳ ಹರಕು ರೊಟ್ಟಿಗಳನ್ನೂ ನಡುನಡುವೆ ಸೇರಿಸಿದೆವು. ಸಂಜೆ ಬೇವಿನ ಮರದ ಜೋಕಾಲಿಯಲ್ಲಿ ಅವಳು ಟೊಂಗೆ ಮುಟ್ಟುವಷ್ಟು ಜೀಕಿದಳು. ನನಗೆ ಬಸುರಿಯೆಂದು ಜೋಕಾಲಿ ಹತ್ತಗೊಡಲಿಲ್ಲ, ನಿಂತು ನೋಡಿದೆ. ಅಷ್ಟು ಎತ್ತರದಿಂದ ಅವಳು ತನ್ನ ಭಾಷೆಯಲ್ಲಿ ಏನೋ ಕೂಗುತ್ತಿದ್ದಳು.

ಮರುದಿನ ಎಣ್ಣೆ ಹಚ್ಚಿ ಎರೆಯಲು ಅವ್ವ ಅವಳನ್ನು ಬಚ್ಚಲಿಗೆ ಕರೆದೊಯ್ದಳು. ಸ್ವಲ್ಪ ಹೊತ್ತಿಗೆ ಒಳಗಿನ ಮಾತು ನಿಂತಿತು, ನೀರು ಸುರಿಯುವ ಸದ್ದೂ ನಿಂತಿತು. ಅವ್ವ ಹಸಿ ಕೈಯಲ್ಲೇ ಹೊರಗೆ ಬಂದು ನನ್ನ ಹತ್ತಿರ ಪಿಸುದನಿಯಲ್ಲಿ ಹೇಳಿದಳು.

"ಬೆನ್ನ ತುಂಬ ಬಾಸುಂಡಿ ಅದಾವ. ಎತ್ತು ಹೊಡಿಯೂ ಬಾರಕೋಲಿಂದು. ಬಿಸಿನೀರ ಹಾಕಿದ್ರ ಸುಂಯ್ ಅಂತಾಳ, ಬಾಯಿ ಮಾತ್ರ ಬಿಡವಲ್ಲಳು."

ಅವ್ವ ತಣ್ಣೀರು ಬೆರೆಸಿಕೊಂಡು ಮತ್ತೆ ಒಳಗೆ ಹೋದಳು.

ಅಪ್ಪನಿಗೆ ಗೊತ್ತಾಯಿತು. ಅಪ್ಪ ಏನೂ ಮಾಡದೆ ಕುಳಿತನೆಂದರೆ ಸುಳ್ಳಾಗುತ್ತದೆ. ಪಟಕಾ ಸುತ್ತಿಕೊಂಡು ಈರಣ್ಣನ ಮನೆಗೆ ಹೋದ. "ಆಕಿಗೆ ಹಿಂದ ಮುಂದ ಯಾರೂ ಇಲ್ಲ ಅಂತ ತಿಳಕೋಬ್ಯಾಡ್ರಿ, ನಾವದೀವಿ" ಎಂದನಂತೆ. ಈರಣ್ಣ ತಲೆ ಕೆಳಗೆ ಹಾಕಿ, "ತಪ್ಪಾತ್ರಿ ಮಾಮಾ, ಇನ್ನ ಹಂಗ ಆಗೂದಿಲ್ಲ" ಎಂದನಂತೆ. ಅಪ್ಪ ಸಮಾಧಾನದಿಂದ ಬಂದ. ನಾವೂ ಸಮಾಧಾನಪಟ್ಟೆವು. ಹಬ್ಬ ಮುಗಿದ ಮೇಲೆ ಅವ್ವ ಮಿನತಿಯನ್ನು ಮಣೆಯ ಮೇಲೆ ಕೂರಿಸಿ, ಹೊಸ ಸೀರೆ ಉಡಿಸಿ, ಉಡಿ ತುಂಬಿ, ಡಬ್ಬಿ ತುಂಬ ಉಂಡಿ ಕಟ್ಟಿ, ಮಲ್ಲಣ್ಣನ ಜೊತೆ ಗಂಡನ ಮನೆಗೆ ಕಳಿಸಿದಳು. ತನ್ನ ಉಡಿಯಲ್ಲಿ ಅಷ್ಟೊಂದು ಅಕ್ಕಿ ಕಂಡು ಅವಳ ಕಣ್ಣಲ್ಲಿ ನೀರು ಬಂತು. ಅನ್ನ ಉಣ್ಣುವ ಸೀಮೆಯವಳು. ಪಾರವ್ವನ ಮನೆಯಲ್ಲಿ ಅನ್ನವೆಂದರೆ ಕೊನೆಗೆ ಒಂದು ತುತ್ತು.

ಆ ಅಕ್ಕಿಯಿಂದಲೇ ಮತ್ತೆ ಪೆಟ್ಟು ಬಿತ್ತು. ನಮ್ಮಲ್ಲಿ ಉಡಿ ಅಕ್ಕಿಯನ್ನು ಬೆಲ್ಲ ಹಾಕಿ ಹುಗ್ಗಿ ಮಾಡಿ ಮನೆಮಂದಿಗೆಲ್ಲ ಬಡಿಸಬೇಕು. ಮಿನತಿಗೆ ಅದು ಹೇಗೆ ಗೊತ್ತಾಗಬೇಕು? ಅನ್ನ ಬೇಯಿಸಿ, ರಾತ್ರಿ ನೀರು ಹಾಕಿಟ್ಟು, ಬೆಳಗ್ಗೆ ಉಪ್ಪು ಉಳ್ಳಾಗಡ್ಡಿ ಹಚ್ಚಿಕೊಂಡು ಒಬ್ಬಳೇ ಉಂಡಿದ್ದಾಳೆ, ಅವರ ಊರಿನ ಹಾಗೆ. ಉಡಿ ಅಕ್ಕಿಯನ್ನು ಹಳಸಿಸಿ ತಿಂದಳು, ಮನೆಗೆ ಕೇಡು ಬಯಸಿದಳು ಎಂದು ಪಾರವ್ವ ಓಣಿಗೆಲ್ಲ ಕೇಳುವಂತೆ ಬಾಯಿ ಮಾಡಿದಳು. ಹಿಂದೆಯೇ ಈರಣ್ಣನ ದನಿ, ಆಮೇಲೆ ಮಿನತಿಯ ದನಿ. ನಮ್ಮ ಹಿತ್ತಲಿಗೆ ಎಲ್ಲ ಕೇಳುತ್ತಿತ್ತು. ಅವ್ವ ಕಣ್ಣೊರೆಸಿಕೊಂಡು ಏನಂದಳು ಗೊತ್ತೇ? "ನಂದ ತಪ್ಪು. ಹುಗ್ಗಿ ಮಾಡಬೇಕು ಅಂತ ಆಕಿಗೆ ಹೇಳಿಕೊಡಬೇಕಾಗಿತ್ತು." ನಾನೂ ಹೂಂ ಎಂದೆ. ತಪ್ಪು ಹುಗ್ಗಿಯದೇ ಎಂದು ನಾವಿಬ್ಬರೂ ಮನಸಾರೆ ನಂಬಿಕೊಂಡೆವು.

ಹೆಸರು ಬಿಡಿಸುವ ಸುಗ್ಗಿ ಬಂತು. ಮಳೆ ಹೊಳವು ಕೊಟ್ಟರೆ ಸಾಕು, ಊರಿಗೆ ಊರೇ ಹೊಲದಲ್ಲಿ. ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಾಗಿಲಲ್ಲಿ ಮಿನತಿ ನಿಂತಿದ್ದಳು. ಹೊಲದಿಂದ ಸೀದಾ ಓಡಿಬಂದಿದ್ದಳು, ಮೊಣಕಾಲ ತನಕ ಎರೆಮಣ್ಣು, ಎಡಗೈ ಮಣಿಕಟ್ಟು ಊದಿ ಬಳೆ ಒಳಗೆ ಹೂತಿತ್ತು. ಈ ಸಲ ಕಾಲಿಗೆ ನೀರು ಹಾಕುವುದು ನನಗೂ ನೆನಪಾಗಲಿಲ್ಲ.

"ಅಕ್ಕಾ, ನಾ ಹೋಗೂದಿಲ್ಲ" ಎಂದಳು. ಅಷ್ಟರಲ್ಲಿ ಅವಳಿಗೆ ನಮ್ಮ ಮಾತು ಬಂದಿತ್ತು. "ಇಲ್ಲೇ ಇರತೀನಿ. ಕಸಾ ಹೊಡೀತೀನಿ, ಸೆಗಣಿ ಬಳೀತೀನಿ. ರೊಟ್ಟಿ ಚಂದಗ ಬಡಿಯೂದು ಕಲೀತೀನಿ. ನಮ್ಮೂರಿಗೆ ಹೋಗೂದು ಹ್ಯಾಂಗಂತ ಗೊತ್ತಾಗೂ ತನಕ ಇರತೀನಿ ಅಕ್ಕಾ."

ಇಷ್ಟೇ ಅವಳು ಕೇಳಿದ್ದು. ಊರ ದವಾಖಾನೆಯಲ್ಲಿ ಕೈಗೆ ಪಟ್ಟಿ ಸುತ್ತಿಸಿದೆವು. ಕೆಲವು ದಿನ ಇಟ್ಟುಕೊಂಡೆವು ಕೂಡ. ಬಲಗೈಯೊಂದರಲ್ಲೇ ಅವಳು ಅಂಗಳ ಗುಡಿಸುತ್ತಿದ್ದಳು. ಬಾವು ಬಂದ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು, ಬೇಡವೆಂದರೂ ಕೇಳುತ್ತಿರಲಿಲ್ಲ. ಪಾರವ್ವ ದಿನವೂ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು, "ನಮ್ಮ ಸೊಸೀನ್ನ ಕಳಸ್ರಿ, ಮಂದಿ ನಗಾಕತ್ತಾರ" ಎಂದು ಹೇಳಿ ಹೋಗುತ್ತಿದ್ದಳು. ಅವ್ವ ಮಾತ್ರ, "ಇರಲಿ ಬಿಡ್ರಿ, ಕೈ ಮಾಯಲಿ" ಎಂದು ಗಟ್ಟಿಯಾಗಿಯೇ ಇದ್ದಳು. ಅವ್ವನ ಆ ಗಟ್ಟಿತನವನ್ನು ಮುರಿದವಳು ನಾನು.

ನನ್ನ ಸೀಮಂತದ ಕುಬಸ ಹತ್ತಿರ ಬಂದಿತ್ತು. ನರಗುಂದದಿಂದ ಅತ್ತೆ, ಅವರ ಓರಗಿತ್ತಿಯರು, ಬೀಗರ ಬಳಗವೆಲ್ಲ ಬರುವವರು. ನಮ್ಮ ಅತ್ತೆ ಬಾಗಿಲು ದಾಟುತ್ತಲೇ ಮನೆಯ ಮೂಲೆಮೂಲೆ ನೋಡುವ ಹೆಂಗಸು. ಗಂಡನ ಮನೆ ಬಿಟ್ಟು ಬಂದವಳನ್ನು ಇಟ್ಟುಕೊಂಡಿದ್ದಾರೆ ಎಂದು ಗೊತ್ತಾದರೆ ಏನಂದಾರು? ನಾಳೆ ನನಗೆ ಏನಾದರೂ ಬುದ್ಧಿ ಹೇಳುವಾಗ, "ನಿಮ್ಮ ತವರಾಗ ಇದನ್ನ ಕಲಿಸ್ಯಾರೇನು?" ಎಂದು ಅನ್ನದೆ ಬಿಟ್ಟಾರೆಯೇ? ನನ್ನ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಒಂದು ಸಂಜೆ ಅವ್ವ ಹೆಸರು ಕೇರುತ್ತಿದ್ದಾಗ ಪಕ್ಕದಲ್ಲಿ ಕುಳಿತು ಹೇಳಿಯೇಬಿಟ್ಟೆ.

"ಯವ್ವಾ, ನಮ್ಮತ್ತಿ ಬರೂದರಾಗ ಮಿನತೀನ್ನ ಕಳಿಸಿಬಿಡು. ಕುಬಸ ಮುಗದ ಮ್ಯಾಲೆ ಬೇಕಾದ್ರ ಮತ್ತ ಕರಕೊಂಡು ಬರೂಣಂತ."

ಅವ್ವನ ಕೈಯ ಮೊರ ನಿಂತಿತು. ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು. "ಹಂಗ ಆಗಲಿ" ಎಂದು ಮತ್ತೆ ಕೇರತೊಡಗಿದಳು.

ಕುಬಸಕ್ಕೆ ನನಗೆ ಹಸಿರು ಸೀರೆ ತರಲು ಹೋದವಳು ಅಂಥದ್ದೇ ಎರಡು ತಂದಳು. ಒಂದು ಮಿನತಿಗೆ. ಕುಬಸದ ಹಿಂದಿನ ದಿನ ಬೆಳಗ್ಗೆ ಅವಳಿಗೆ ತಲೆ ಎರೆದು, ಆ ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿದೆವು. ಬಸುರಿಯ ಕೈ ಒಳ್ಳೆಯದೆಂದು ಅಕ್ಕಿ ಹಾಕಲು ಅವ್ವ ನನ್ನನ್ನೇ ಕರೆದಳು. ಉಡಿ ತುಂಬುವಾಗ ಸೆರಗನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಮಿನತಿಯ ಎಡಗೈ ಏಳಲಿಲ್ಲ. ಆ ಕಡೆಯ ಸೆರಗನ್ನು ಅವ್ವ ಹಿಡಿದಳು. ನಾನು ಬೊಗಸೆ ತುಂಬಿ ಅಕ್ಕಿ ಹಾಕಿದೆ. ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದೆವು, ಒಂದು ಅಡಿಕೆ ಕೂಡ ಮರೆಯಲಿಲ್ಲ.

ಅವಳು ಅಳಲಿಲ್ಲ. "ಅಕ್ಕಾ, ನೀ ಯಾವಾಗ ಹೋಗ್ತಿ ನಿನ್ನ ಗಂಡನ ಮನಿಗೆ?" ಎಂದು ಕೇಳಿದಳು.

"ಕೂಸು ಹುಟ್ಟಿ ಐದು ತಿಂಗಳಾದ ಮ್ಯಾಲೆ."

"ಅಲ್ಲಿ ನಿನಗ ಯಾರೂ ಹೊಡಿಯೂದಿಲ್ಲಲ್ಲ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. "ಚಲೋ ಆತು" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ, ಖರೇನೇ ನನ್ನ ಬಗ್ಗೆ ಸಮಾಧಾನಪಟ್ಟಿದ್ದಳು. ಇದೊಂದು ಮಾತು ನೆನಪಾದರೆ ಇವತ್ತಿಗೂ ಕೈಯಲ್ಲಿನ ಕೆಲಸ ಬಿಟ್ಟು ಸುಮ್ಮನೆ ಕುಳಿತುಬಿಡುತ್ತೇನೆ. ನನ್ನನ್ನು ಯಾವ ಮನೆಗೆ ಕೊಡಲು ಅಪ್ಪ ಒಲ್ಲೆನೆಂದನೋ, ಅದೇ ಮನೆಗೆ ಅವಳನ್ನು ಎರಡನೆಯ ಸಲ ಕಳಿಸಿದೆವು. ಅಪ್ಪ ಬಾಗಿಲ ತನಕ ಬಂದು, ಅವಳ ತಲೆಯ ಮೇಲೆ ಕೈಯಿಟ್ಟು, ದನದ ಕೊಟ್ಟಿಗೆಯ ಕಡೆ ನಡೆದ.

ಮರುದಿನ ಕುಬಸ ಸಾಂಗವಾಗಿ ಆಯಿತು. ಅತ್ತೆಯವರು ಮನೆಯನ್ನೂ ಅಡುಗೆಯನ್ನೂ ಹೊಗಳಿದರು. ಹಸಿರು ಸೀರೆ ಉಟ್ಟು, ಹೂವಿನ ದಂಡೆ ಕಟ್ಟಿಕೊಂಡು ನಾನು ಮಣೆಯ ಮೇಲೆ ಕುಳಿತೆ, ಅದೇ ಮಣೆ. ಮುಗಿದ ಮೇಲೆ ಮತ್ತೆ ಕರೆತರೋಣ ಎಂದಿದ್ದೆನಲ್ಲ, ಆ ಮಾತನ್ನು ನಾನೂ ಎತ್ತಲಿಲ್ಲ, ಅವ್ವನೂ ಎತ್ತಲಿಲ್ಲ.

ಕಡಲೆ ಹೊಲ ಹಸಿರಾಗುವ ಹೊತ್ತಿಗೆ ನಾನು ಹೆತ್ತು ಬಾಣಂತಿ ಕೋಣೆಯಲ್ಲಿದ್ದೆ. ಕಿಟಕಿಯಿಂದ ಓಣಿ ಕಾಣುತ್ತಿತ್ತು. ಒಂದು ಮುಂಜಾನೆ ಮಿನತಿ ಅದೇ ಹಸಿರು ಸೀರೆ ಉಟ್ಟು, ಕೆಂಪು ಚೀಲ ಹಿಡಿದು ಬರುತ್ತಿದ್ದಳು. ನಮ್ಮ ಮನೆಗೇ ಬರುತ್ತಿದ್ದಾಳೆ ಎಂದುಕೊಂಡೆ. ಕಟ್ಟೆಯ ಮೇಲಿದ್ದ ಅವ್ವ, "ಎಲ್ಲಿಗೆ ಹೊಂಟೀಯವ್ವಾ?" ಎಂದಳು. "ರೋಣಕ್ಕ" ಎಂದಳು ಮಿನತಿ. ನಿಲ್ಲಲಿಲ್ಲ. ನಮ್ಮ ಬಾಗಿಲ ಕಡೆ ತಿರುಗಿಯೂ ನೋಡದೆ ಬಸ್ ನಿಲ್ದಾಣದ ಕಡೆ ನಡೆದಳು. ಅವ್ವ ಒಳಗೆ ಬಂದು ಕೂಸಿನ ತೊಟ್ಟಿಲ ಹಗ್ಗ ಹಿಡಿದು ಕುಳಿತಳು. "ಒಳಗ ಬಾ ಅನ್ನಬೇಕಾಗಿತ್ತು" ಎಂದಳು. ಬಂದಿದ್ದರೆ ಏನು ಮಾಡುತ್ತಿದ್ದೆವು? ಚಹಾ ಕೊಟ್ಟು, ಉಡಿ ತುಂಬಿ ಕಳಿಸುತ್ತಿದ್ದೆವು.

ಅವಳು ರೋಣದ ಪೊಲೀಸರ ಹತ್ತಿರ ಹೋಗಿ ಎಲ್ಲ ಹೇಳಿದಳೆಂದೂ, ಈರಣ್ಣನನ್ನು ಕರೆಸಿದರೆಂದೂ, ಅವಳು ಕೆಲವು ಕಾಲ ಹೆಣ್ಣುಮಕ್ಕಳ ಆಸರೆಯ ಮನೆಯೊಂದರಲ್ಲಿದ್ದಳೆಂದೂ ಆಮೇಲೆ ತಿಳಿಯಿತು. ತನ್ನ ಊರಿಗೂ ಹೋಗಿಬಂದಳಂತೆ, ಅಲ್ಲಿ ಅವಳ ಅವ್ವ ತೀರಿಕೊಂಡಿದ್ದಳಂತೆ. ಈಗ ಗಜೇಂದ್ರಗಡದಲ್ಲಿ ಮಗ್ಗದ ಕೆಲಸ ಮಾಡಿಕೊಂಡಿದ್ದಾಳೆ ಎಂಬ ಸುದ್ದಿಯನ್ನು ಸೀರೆ ತರಲು ಹೋದ ನಮ್ಮ ಅತ್ತಿಗೆ ತಂದಿದ್ದಳು. ವರ್ಷ ವರ್ಷವೂ ಹೋಗಬೇಕು ಎಂದುಕೊಳ್ಳುತ್ತಿದ್ದೆ, ವರ್ಷ ವರ್ಷವೂ ನರಗುಂದದ ಬಸ್ಸು ಹತ್ತುತ್ತಿದ್ದೆ. ಈ ಸಲ ನನ್ನ ಮಗಳು, ಆರನೆಯ ಇಯತ್ತೆಯಲ್ಲಿ ಓದುವವಳು, ಅಜ್ಜಿ ನನ್ನ ಉಡಿ ತುಂಬುವುದನ್ನು ನೋಡುತ್ತ, "ಇದ್ಯಾಕ ಹಾಕ್ತಾರ?" ಎಂದು ಕೇಳಿದಳು. ಅವಳನ್ನು ಇನ್ನೆರಡು ದಿನ ಅಜ್ಜಿಯ ಹತ್ತಿರ ಬಿಟ್ಟು ಬಂದವಳು ರೋಣದಲ್ಲಿ ಗಜೇಂದ್ರಗಡದ ಬಸ್ಸು ಹತ್ತಿದೆ.

ಮಗ್ಗದ ಸದ್ದು ಹಿಡಿದು, ಕೇಳುತ್ತ ಕೇಳುತ್ತ ಹೋದೆ. ಒಂದು ಕೋಣೆಯ ಮನೆ, ಬಾಗಿಲಲ್ಲಿ ತುಳಸಿ. ಮಿನತಿ ಮೈ ಕೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ಒಳಗೆ ಹೋದಳು. ಆಮೇಲೆ ತಂಬಿಗೆ ತಂದು ನನ್ನ ಕಾಲಿಗೆ ನೀರು ಹಾಕಿದಳು. ಎಷ್ಟೋ ವರ್ಷದ ಹಿಂದೆ ಅವ್ವ ಹಾಕಿದ ಹಾಗೆಯೇ.

ಅನ್ನಕ್ಕೆ ನೀರು ಹಾಕಿ ಇಟ್ಟಿದ್ದಳು. ಉಪ್ಪು, ಉಳ್ಳಾಗಡ್ಡಿ, ಸುಟ್ಟ ಬದನೆಕಾಯಿ. "ಉಣ್ಣಕ್ಕ, ಇಲ್ಲಿ ಯಾರೂ ಬೈಯೂದಿಲ್ಲ" ಎಂದು ನಕ್ಕಳು. ತಂಪಾಗಿ, ತುಸು ಹುಳಿಯಾಗಿ, ಹಿತವಾಗಿತ್ತು. ಎರಡು ತುತ್ತು ಉಂಡು ನಿಲ್ಲಿಸಿದೆ.

"ಅವತ್ತ ಅವ್ವ ನಿನ್ನ ಇಟಗೋತಿದ್ಲು ಮಿನತಿ. ಕಳಸು ಅಂದಾಕಿ ನಾನು."

"ಗೊತ್ತೈತಿ" ಎಂದಳು. "ಅಡಗಿಮನ್ಯಾಗ ಇದ್ದೆ, ಕೇಳಿಸಿತ್ತು."

ಗೊತ್ತಿದ್ದೂ ಆಮೇಲೆಯೂ ನನ್ನ ಕಾಲು ಒತ್ತಿದ್ದಳು. ಅವಳು ಮುಂದುವರಿಸಿದಳು. "ಆ ಊರಾಗ ನನ್ನ ಹಬ್ಬಕ್ಕ ಕರದವರು ನೀವೊಬ್ರ ಅಕ್ಕ. ಅದಕ್ಕ ನಿಮ್ಮ ಮ್ಯಾಲೆ ಭಾಳ ಸಿಟ್ಟಿತ್ತು. ಹೊಡದವನ ಮ್ಯಾಲೆ ಇದ್ದದ್ದಕ್ಕಿಂತ ಜಾಸ್ತಿ. ಆತ ತವರಮನಿ ಅಂತ ಹೇಳಿರಲಿಲ್ಲಲ್ಲ."

"ಈಗ?"

"ಈಗ ಕೆಲಸ ಇರತೈತಿ" ಎಂದು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಹೊರಡುವಾಗ ನಾನು ಗಂಟು ಬಿಚ್ಚಿದೆ. ಅವ್ವ ತುಂಬಿದ ಅಕ್ಕಿ, ಕೊಬ್ಬರಿ, ಅರಿಷಿಣ, ಅದೇ ವಾಸನೆ. "ಕುಂದರ ಮಿನತಿ, ಸೆರಗ ಹಿಡಿ" ಎಂದೆ. ಈಗ ಅವಳ ಎರಡೂ ಕೈ ನೆಟ್ಟಗಿದ್ದವು. ಅವಳು ಕುಳಿತುಕೊಳ್ಳಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಉಡಿ ಬ್ಯಾಡಕ್ಕ. ಉಡಿ ತುಂಬಿದ್ರ ಮನಿ ಬಿಟ್ಟು ಹೊಂಡಬೇಕಾಗತೈತಿ."

ಮೂಲೆಯಿಂದ ಅಕ್ಕಿಯ ಡಬ್ಬಿ ತಂದು, ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. "ಇದರಾಗ ಹಾಕ. ನಾಳೆ ಬೇಸಿಕೊಂಡು ಉಣ್ತೀನಿ." ನಾನು ಅಕ್ಕಿಯನ್ನೆಲ್ಲ ಅದರಲ್ಲಿ ಸುರುವಿದೆ.